ಅವ್ವನನ್ನು ಹೊತ್ತು ಹೋದ ಗಾಡಿ

ಸತ್ತವರ ದನಿ ಕೇಳಿತು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಸಂಜೆ ಕಟ್ಟೆಯ ಮೇಲೆ ಕೂತು ಹೆಂಗಸರು ಇಂಥ ಸುದ್ದಿ ತೆಗೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕದ್ದು, ಅಷ್ಟೇ ಖರೆ ಎಂದು ತಿಳಿದಿದ್ದೆ. ಈಗಲೂ ಬಹಳ ಮಟ್ಟಿಗೆ ಹಾಗೇ ತಿಳಿದಿದ್ದೇನೆ. ಒಂದು ಸಂಜೆಯ ಸಂಗತಿ ಮಾತ್ರ ಆ ತಿಳಿವಳಿಕೆಯ ಹೊರಗೆ ಉಳಿದುಬಿಟ್ಟಿದೆ.

ಅದನ್ನು ಇಷ್ಟು ವರ್ಷ ಬರೆಯಬೇಕು ಅನ್ನಿಸಲಿಲ್ಲ. ನನ್ನ ಜೊತೆ ಅದನ್ನು ಕೇಳಿದವರು ಮನೆಯಲ್ಲೇ ಇದ್ದರು. ಮಳೆ ಹಿಡಿದ ಯಾವುದೋ ಸಂಜೆ ಇಬ್ಬರೂ ಸುಮ್ಮನೆ ಕೂತಾಗ ಅದು ನಮ್ಮ ನಡುವೆ ಬಂದು ಹೋಗುತ್ತಿತ್ತು, ಮಾತೇ ಬೇಕಾಗುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ನನ್ನ ಯಜಮಾನರು ತೀರಿಕೊಂಡರು. ಈಗ ಅದು ನನ್ನೊಬ್ಬಳ ಹತ್ತಿರ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಸೊರಟೂರು ದಾಟಿ ಶಿರಹಟ್ಟಿಯ ಕಡೆ ಒಳಗೆ ಹೋದರೆ ಸಿಗುವ ಸಣ್ಣ ಊರು. ನಾನು ಸಣ್ಣವಳಿದ್ದಾಗ ನಮ್ಮ ಮನೆ ಮುಂಬೈ ಸರಕಾರದಲ್ಲಿತ್ತು, ಹೊಲ ಸಂಸ್ಥಾನದಲ್ಲಿತ್ತು. ನಡುವೆ ಒಂದು ಹಳ್ಳ. ಅಪ್ಪ ಬೆಳಿಗ್ಗೆ ಎತ್ತು ಬಿಚ್ಚಿಕೊಂಡು ಹೊರಡುವಾಗ, ರಾಜರ ಸೀಮೆಗೆ ಹೋಗಿಬರುತ್ತೇನೆ, ಏನಾದರೂ ತರಬೇಕೇನು ಎಂದು ಅವ್ವನನ್ನು ಕೇಳುತ್ತಿದ್ದ. ಸ್ವಾತಂತ್ರ್ಯ ಬಂದು ಸಂಸ್ಥಾನಗಳೆಲ್ಲ ಸೇರಿಹೋದ ಮೇಲೆ ಹಳ್ಳ ಬರೀ ಹಳ್ಳವಾಯಿತು. ಆ ಚೇಷ್ಟೆಯ ಮಾತೂ ನಿಂತಿತು. ಅದೇ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಅವನನ್ನು ಹೊಲದಲ್ಲೇ, ಬಾವಿಯ ಹತ್ತಿರ ಮಣ್ಣು ಮಾಡಿದರು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ.

ಆ ಬಾವಿಯ ವಿಷಯ ಹೇಳಲೇಬೇಕು. ಅಪ್ಪ ಅದರಲ್ಲಿ ಕಪಿಲೆ ಹೊಡೆದು ಮೆಣಸಿನಗಿಡಕ್ಕೂ ಉಳ್ಳಾಗಡ್ಡಿಗೂ ನೀರು ಹಾಯಿಸುತ್ತಿದ್ದ. ಕಪಿಲೆ ನೋಡದವರು ಈಗ ಬಹಳ ಜನ ಇದ್ದಾರೆ. ಬಾವಿಯ ಬಾಯಿಂದ ಕೆಳಕ್ಕೆ ಒಂದು ಇಳಿಜಾರು ಇರುತ್ತದೆ. ಎತ್ತುಗಳು ಅದರಲ್ಲಿ ಮುಂದೆ ನಡೆದಂತೆ ಹಗ್ಗ ಎಳೆದು ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರು ಕಾಲುವೆಗೆ ಸುರಿದ ಮೇಲೆ ಎತ್ತುಗಳು ತಿರುಗುವುದಿಲ್ಲ, ಹಿಂದಕ್ಕೆ ಹೆಜ್ಜೆ ಇಡುತ್ತ ಮತ್ತೆ ಬಾವಿಯ ಬಾಯಿಗೆ ಬರುತ್ತವೆ. ದಿನವೆಲ್ಲ ಮುಂದೆ, ಹಿಂದೆ. ಎತ್ತುಗಳಿಗೆ ಮುಂದೆ ನಡೆಯುವುದು ಸುಲಭ, ಹಿಂದಕ್ಕೆ ಬರುವುದು ಕಷ್ಟ. ಅದಕ್ಕೆ ಕಪಿಲೆ ಹೊಡೆಯುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಕೂಗು ಇರುತ್ತಿತ್ತು, ಎತ್ತುಗಳಿಗೆ ಅದು ರೂಢಿಯಾಗಿರುತ್ತಿತ್ತು. ನಮ್ಮ ಅಪ್ಪ ಮುಂದೆ ಹೋಗುವಾಗ “ನಡಿಯೋ ನನ ತಂದೀ” ಎಂದು ಉದ್ದಕ್ಕೆ ಎಳೆಯುತ್ತಿದ್ದ. ಆಮೇಲೆ ಸ್ವಲ್ಪ ಸುಮ್ಮನಿದ್ದು, ನೀರು ಸುರಿದ ಮೇಲೆ ದನಿ ತಗ್ಗಿಸಿ “ಹಿಂದಕ ಬಾ, ನೆರಳಿಗಿ ಬಾ” ಎನ್ನುತ್ತಿದ್ದ. ಬಾವಿಯ ಬಾಯಿಗೆ ಒಂದು ಬೇವಿನ ಮರವಿತ್ತು, ನೆರಳು ಎಂದರೆ ಅದರದು.

ಅವ್ವ ಹೊಲದ ಆ ತುದಿಯಲ್ಲಿ ಸಲಿಕೆ ಹಿಡಿದು ನಿಂತು ಒಂದು ಮಡಿ ತುಂಬಿದ ಕೂಡಲೇ ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಿದ್ದಳು. ಸಂಜೆ ಕೊನೆಯ ಮಡಿ ತುಂಬಿದಾಗ ಅಲ್ಲಿಂದಲೇ “ಸಾಕ್ರೀ, ಬಿಚ್ರೀ” ಎಂದು ಕೂಗುತ್ತಿದ್ದಳು. ಅಪ್ಪ ಎತ್ತು ಬಿಚ್ಚುತ್ತಿದ್ದ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಇಡೀ ದಿನದಲ್ಲಿ ಅವಳು ಅವನನ್ನು ಗಟ್ಟಿಯಾಗಿ ಕೂಗುತ್ತಿದ್ದುದು ಅದೊಂದೇ ಸಲ. ನಾನು ಅವಳ ಹತ್ತಿರ ಆಡುತ್ತಿದ್ದವಳು, ಆ ಮಾತು ಬಂದರೆ ಮನೆಗೆ ಹೋಗುವ ಹೊತ್ತಾಯಿತು ಎಂದು ತಿಳಿದುಕೊಳ್ಳುತ್ತಿದ್ದೆ.

ಅಪ್ಪ ಹೋದ ಮೇಲೆ ಎತ್ತು ಮಾರಿದರು. ಹೊಲವನ್ನು ಕಾಕಾ, ಅಂದರೆ ಅಪ್ಪನ ತಮ್ಮ, ಮಾಡತೊಡಗಿದ. ಅವನು ಮಳೆಯ ಬೆಳೆಯನ್ನಷ್ಟೇ ನಂಬಿದವನು. ಬಾವಿಯ ಮೇಲಿನ ಕಂಬ, ಕಪಿಲೆಯ ಹಗ್ಗ ಹಾಯುವ ಗಾಲಿ ಎಲ್ಲ ಕಿತ್ತು ದನದ ಕೊಟ್ಟಿಗೆಗೆ ಹಾಕಿಕೊಂಡ. ನನ್ನ ಮದುವೆಯಾಗಿ ಒಂದೆರಡು ವರ್ಷಕ್ಕೆ ಅವ್ವನನ್ನೂ ನಾವು ಬೆಟಗೇರಿಗೆ ಕರೆತಂದೆವು. ನಮ್ಮವರು ಗದಗಿನ ಒಬ್ಬ ಅರಳೆ ವ್ಯಾಪಾರಿಯ ಪಿಕಪ್ ಗಾಡಿ ನಡೆಸುತ್ತಿದ್ದರು. ಅವ್ವ ನಮ್ಮ ಮನೆಯಲ್ಲಿ ಸಂತೋಷವಾಗಿಯೇ ಇದ್ದಳು. ನನಗೇನೂ ಬೇಡ ಎನ್ನುವ ಸ್ವಭಾವ ಅವಳದು. ಒಂದೇ ಒಂದು ಮಾತನ್ನು ಮಾತ್ರ ಆಗಾಗ ಹೇಳುತ್ತಿದ್ದಳು, ಊಟ ಬಡಿಸುತ್ತಲೋ ಕೌದಿ ಹೊಲಿಯುತ್ತಲೋ, ಬೇರೆ ಯಾವುದೋ ಮಾತಿನ ನಡುವೆ. ನನ್ನನ್ನು ಬಾವಿಯ ಹತ್ತಿರ ಅವರ ಬಾಜೂಕ ಇಡಬೇಕು.

ಹಸ್ತಾ ಮಳೆಯ ದಿನಗಳಲ್ಲಿ, ಜ್ವರದಿಂದ ಕೆಲವು ದಿನ ಮಲಗಿದ್ದ ಅವ್ವ ಒಂದು ಬೆಳಗಿನ ಜಾವ ಹೋದಳು. ಕನ್ನಡದವರೆಲ್ಲ ಒಂದು ರಾಜ್ಯವಾಗಬೇಕೆಂದು ಗದಗಿನಲ್ಲಿ ದಿನಕ್ಕೊಂದು ಸಭೆ ಆಗುತ್ತಿದ್ದ ಕಾಲ ಅದು. ನಮ್ಮ ಓಣಿಯ ಗಂಡಸರೆಲ್ಲ ಅದೇ ಮಾತಿನಲ್ಲಿದ್ದರು. ಸೊರಟೂರಿನ ಮೇಲೆ ಹೋಗುವ ಮೊದಲ ಬಸ್ಸಿನವನ ಕೈಯಲ್ಲಿ ಊರಿಗೆ ಖಬರ ಕಳಿಸಿದೆವು. ಅದೇ ಬಸ್ಸು ಮಧ್ಯಾಹ್ನ ತಿರುಗಿ ಬರುವಾಗ ಊರಿನ ಫಕ್ಕೀರಪ್ಪಜ್ಜ ಅದರಲ್ಲಿ ಬಂದಿಳಿದ. ಅವನು ನಮ್ಮ ಅಪ್ಪನ ಜೊತೆ ಬೆಳೆದವನು. ಕಾಕಾ ಅವನ ಹತ್ತಿರ ಹೇಳಿ ಕಳಿಸಿದ್ದಿಷ್ಟು: ಬಾವಿಯ ಹತ್ತಿರ ಕುಣಿ ತೆಗೆಸಿದ್ದೇನೆ, ದೀಪ ಹಚ್ಚುವುದರೊಳಗೆ ಬರಬೇಕು. ತೆಗೆದ ಕುಣಿ ರಾತ್ರಿ ಖಾಲಿ ಬಿದ್ದಿರಬಾರದು ಎಂಬುದು ನಮ್ಮ ಕಡೆಯ ನಡವಳಿಕೆ. ತಡವಾದರೆ ಅದನ್ನು ಮುಚ್ಚಿಬಿಡುತ್ತಾರೆ, ಒಂದು ಸಲ ಮುಚ್ಚಿದ ಜಾಗವನ್ನು ಮತ್ತೆ ತೆಗೆಯುವುದಿಲ್ಲ. ಮರುದಿನ ಊರಾಚೆಯ ಸುಡುಗಾಡಿನಲ್ಲಿ, ಎಲ್ಲರ ನಡುವೆ ಅವ್ವನನ್ನು ಇಡಬೇಕಾಗುತ್ತದೆ.

ವ್ಯಾಪಾರಿ ಗಾಡಿ ಒಯ್ಯಲು ಹೇಳಿದ್ದರು. ಹಿಂದಿನ ತೊಟ್ಟಿಯಲ್ಲಿ ತಟ್ಟಿನ ಚೀಲ ಹಾಸಿ, ಅವ್ವನನ್ನು ಅವಳೇ ಹೊಲಿದ ಕೌದಿಯಲ್ಲಿ ಸುತ್ತಿ ಮಲಗಿಸಿದೆವು. ನಾನು ಅವಳ ಹತ್ತಿರ ಕೂತೆ. ಅಜ್ಜ ಮುಂದೆ ನಮ್ಮವರ ಪಕ್ಕದಲ್ಲಿ ಕೂತ. ಮುಳಗುಂದ ದಾಟಿ ಸೊರಟೂರಿನವರೆಗೆ ಹಾದಿ ಚೆನ್ನಾಗಿತ್ತು. ಅಲ್ಲಿಂದ ಬಂಡಿಯ ಹಾದಿ, ಎರೆಭೂಮಿ. ಎರಡು ದಿನ ಬಿದ್ದ ಮಳೆಗೆ ಮಣ್ಣು ಬೆಣ್ಣೆಯ ಹಾಗೆ ಆಗಿತ್ತು. ನಮ್ಮವರು ನಿಲ್ಲಿಸದೆ, ಜೋರೂ ಮಾಡದೆ ಬಹಳ ದೂರ ನಡೆಸಿಕೊಂಡು ಬಂದರು. ಹಳ್ಳ ಇನ್ನೇನು ಸಿಗಬೇಕು, ಬೇವಿನ ಮರದ ತಲೆ ಕಾಣುತ್ತಿದೆ, ಅಲ್ಲಿ ಗಾಡಿಯ ಹಿಂಭಾಗ ಬದಿಗೆ ಜಾರಿ ಬಂಡಿಯ ಜಾಡಿನಲ್ಲಿ ಕೂತುಬಿಟ್ಟಿತು.

ಹಿಂದಿನ ಗಾಲಿಗಳು ತಿರುಗಿದವು, ಗಾಡಿ ಅಲುಗಲಿಲ್ಲ. ಕಪ್ಪು ಕೆಸರು ಎದ್ದು ನನ್ನ ಸೆರಗಿಗೂ ಕೌದಿಗೂ ಸಿಡಿಯಿತು. ಅಜ್ಜ ಇಳಿದು ಗಾಡಿಯನ್ನು ಸುತ್ತ ನೋಡಿ ಕೇಳಿದ, “ಅಳ್ಯಾ, ಗಾಲಿ ನಾಕ ಅದಾವು, ಎರಡಽ ಕುಣ್ಯಾಕತ್ತಾವಲ್ಲೋ. ಮುಂದಿನವೇನು ಮದವೀಗಿ ಬಂದಾವ?”

ಎಂಜಿನಿನ ಬಲವೆಲ್ಲ ಹಿಂದಿನ ಎರಡಕ್ಕೇ ಹೋಗುತ್ತದೆ ಎಂದು ನಮ್ಮವರು ತಿಳಿಸಿ ಹೇಳಿದರು. ಲಡಾಯಿ ಮುಗಿದ ಮೇಲೆ ಹರಾಜಾದ ಮಿಲಿಟರಿ ಗಾಡಿಯಾಗಿದ್ದರೆ ನಾಲ್ಕೂ ಎಳೆಯುತ್ತಿದ್ದವು, ಇದಕ್ಕೆ ಆ ಭಾಗ್ಯವಿಲ್ಲ. ಅಜ್ಜ ಅದನ್ನು ಕೇಳಿಸಿಕೊಂಡು, ಬಂಡಿ ಹುಗಿದರೆ ಮೊದಲು ಹೇರು ಇಳಿಸಬೇಕು ಎಂದ. ನಮಗೂ ಅದೇ ಸರಿ ಕಂಡಿತು. ಹುಟ್ಟಿದಾಗಿನಿಂದ ಬಂಡಿ ನೋಡಿದವರು ನಾವು. ಜೋಳದ ಹೇರಾಗಲಿ ಹತ್ತಿಯ ಹೇರಾಗಲಿ, ಇಳಿಸಿದರೆ ಎತ್ತು ಎಳೆಯುತ್ತವೆ. ಹಿಂದೆ ಇದ್ದ ಹೆಚ್ಚಿನ ಗಾಲಿ, ಎಣ್ಣೆಯ ಡಬ್ಬಿ ಇಳಿಸಿದೆವು. ಅಷ್ಟು ಸಾಲದೆಂದು ಅವ್ವನನ್ನೂ ಇಳಿಸಿದೆವು. ಬದುವಿನ ಮೇಲೆ ಚೀಲ ಹಾಸಿ ಅವಳನ್ನು ಮಲಗಿಸುವಾಗ, ಗಂಡನ ಹೊಲ ಕಣ್ಣಿಗೆ ಬಿದ್ದ ಜಾಗದಲ್ಲಿ ಅವಳನ್ನು ಯಾರದೋ ಬದುವಿನ ಮೇಲೆ ಬಿಟ್ಟೆವಲ್ಲ ಎಂದು ನನಗೆ ತಡೆಯಲಾರದ ಅಳು ಬಂತು.

ಗಾಡಿ ಮೊದಲಿಗಿಂತ ಆಳಕ್ಕೆ ಇಳಿಯಿತು. ಹತ್ತಿಯ ಕಟ್ಟಿಗೆ ತಂದು ಗಾಲಿಯ ಕೆಳಗೆ ತುರುಕಿದೆವು, ಅವು ಕೆಸರಿನೊಳಗೆ ಮಾಯವಾದವು. ಕಾಲು ಹುಗಿಯುವ ಆ ಎರೆಯಲ್ಲಿ ಅವ್ವನನ್ನು ಹೊತ್ತು ನಡೆಯುವುದು ನಾವು ಮೂವರಿಂದ ಆಗುವ ಕೆಲಸವಾಗಿರಲಿಲ್ಲ. ಬೆಳಕು ತಗ್ಗತೊಡಗಿತ್ತು. ಕಪ್ಪತಗುಡ್ಡದ ಕಡೆ ಇನ್ನೊಂದು ಮಳೆ ಕಟ್ಟುತ್ತಿತ್ತು. ಅಜ್ಜ ಪಂಚೆ ಎತ್ತಿ ಕಟ್ಟಿ, ನಾನು ಹೋಗಿ ಕುಣಿ ಮುಚ್ಚದಂತೆ ತಡೆಯುತ್ತೇನೆ, ಎತ್ತು ಸಿಕ್ಕರೆ ತರುತ್ತೇನೆ ಎಂದು ಹಳ್ಳದ ಕಡೆ ಹೊರಟ. ಹಳ್ಳದಲ್ಲಿ ನೀರು ಮೊಣಕಾಲಿಗೆ ಇತ್ತು. ಎತ್ತು ಬರುವುದರೊಳಗೆ ಕತ್ತಲಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು.

ನಮ್ಮವರು ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತು ಗಾಲಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ಇದು ಬಂಡಿ ಅಲ್ಲ. ಎಳಿಯೋ ಗಾಲಿ ಮ್ಯಾಲೆ ಭಾರ ಇರಬೇಕು, ಅಂದ್ರಽ ಅದು ನೆಲಾ ಹಿಡೀತೈತಿ. ಅತ್ತೀನ ಇಳಸಬಾರದಿತ್ತು.”

ಬದುವಿನಲ್ಲಿದ್ದ ಕಲ್ಲುಗಳನ್ನು ಹೊತ್ತು ತಂದು ತೊಟ್ಟಿಯಲ್ಲಿ, ಸರಿಯಾಗಿ ಗಾಲಿಗಳ ಮೇಲೆ ಬರುವಂತೆ ಇಟ್ಟರು. ಗಾಲಿಗಳ ಗಾಳಿ ಸ್ವಲ್ಪ ಬಿಟ್ಟರು. ಮೆತ್ತಿದ ಮಣ್ಣನ್ನು ಇಬ್ಬರೂ ಕೈಯಿಂದ ಕೆರೆದು ತೆಗೆದೆವು. ಚೀಲಗಳನ್ನು ಗಾಲಿಯ ಮುಂದೆ ಹಾಸಿದರು. ಕೊನೆಗೆ ಅವ್ವನನ್ನು ಮತ್ತೆ ಮೇಲೆತ್ತಿ ಕಲ್ಲುಗಳ ನಡುವೆ ಮಲಗಿಸಿದೆವು. ನೀನೂ ಅಲ್ಲೇ ಕೂಡು, ನಿನ್ನ ಭಾರವೂ ಬೇಕು ಎಂದರು. ನಾನು ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಎಂಜಿನು ಶುರುವಾಯಿತು. ಗಾಡಿ ಒಂದು ಗೇಣು ಮುಂದೆ ಹೋಗಿ ಹಿಂದಕ್ಕೆ ಜಾರಿತು. ಅವರು ಅವಸರದಲ್ಲಿ ಜೋರು ಕೊಡುತ್ತಿದ್ದರು, ಚೀಲಗಳು ಹಿಂದಕ್ಕೆ ಹಾರಿದವು. ಹೀಗೆ ಒಂದೆರಡು ಸಲ ಆದ ಮೇಲೆ ಎಂಜಿನಿನ ದನಿ ತಗ್ಗಿತು. ಅವರು ಸೋತರು ಎಂದುಕೊಂಡೆ. ಪಡುವಲ ಕಡೆ ಮೋಡದ ಕೆಳಗಿಂದ ಸೂರ್ಯ ಒಂದಿಷ್ಟು ಹೊರಬಿದ್ದು ಒದ್ದೆ ಹೊಲವೆಲ್ಲ ಹಳದಿಯಾಗಿತ್ತು. ಆಗ ಬಾವಿಯ ಕಡೆಯಿಂದ ಕೂಗು ಕೇಳಿತು.

“ನಡಿಯೋ ನನ ತಂದೀ.”

ದೂರದಿಂದ ಬಂದರೂ ಸ್ಪಷ್ಟವಾಗಿತ್ತು, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಅದರ ಜೊತೆ ಬಾವಿಯ ಗಾಲಿಯ ಕಿರುಗುಟ್ಟುವ ಸದ್ದೂ ಇತ್ತು. ಗಾಡಿ ಮೆಲ್ಲಗೆ ಮುಂದೆ ಸರಿಯಿತು, ನಿಂತಿತು. ನೀರು ಸುರಿಯಲು ಬೇಕಾಗುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ಹಿಂದಕ ಬಾ, ನೆರಳಿಗಿ ಬಾ. ಗಾಡಿ ಮೆಲ್ಲಗೆ ಹಿಂದಕ್ಕೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಹೆಚ್ಚು ದೂರ. ಕೂಗಿನ ಹಿಂದೆ ಗಾಡಿ ನಡೆಯುತ್ತಿತ್ತು, ಎತ್ತುಗಳು ನಡೆಯುತ್ತಿದ್ದ ಹಾಗೇ.

ನನಗೆ ಹೆದರಿಕೆಯಾಗಲಿಲ್ಲ. ಇದನ್ನು ಓದುವವರು ನಂಬಲಿಕ್ಕಿಲ್ಲ, ನನಗೆ ಆಸೆಯಾಯಿತು. ಅಪ್ಪನ ದನಿ ಕೇಳಿ ಅಷ್ಟು ವರ್ಷವಾಗಿತ್ತು, ಅದು ಹೇಗಿತ್ತು ಎಂಬುದನ್ನೇ ನಾನು ಮರೆತಿದ್ದೆ ಎಂದು ಆಗ ಗೊತ್ತಾಯಿತು. ಬೇಗ ಹೋಗದಿದ್ದರೆ ಕುಣಿ ಮುಚ್ಚುತ್ತಾರೆ ಎಂಬುದು ತಿಳಿದಿದ್ದೂ, ಇನ್ನೊಂದು ಸಲ ಕೇಳುವವರೆಗೆ ಗಾಡಿ ಸಿಕ್ಕೇ ಇರಲಿ ಎಂದು ಮನಸ್ಸು ಬೇಡುತ್ತಿತ್ತು. ಅವ್ವನ ಕೆನ್ನೆಯ ಮೇಲಿನ ಕೆಸರನ್ನು ಸೆರಗಿನಿಂದ ಒರೆಸುತ್ತ ಕೂತಿದ್ದೆ. ಒಂದು ಮಾತನ್ನೂ ನಾನು ಆಡಲಿಲ್ಲ.

ಒಮ್ಮೆ ಮುಂದೆ ಹೋದ ಗಾಡಿ ಹಿಂದಕ್ಕೆ ಬರಲಿಲ್ಲ. ಜಾಡಿನಿಂದ ಮೇಲೆ ಹತ್ತಿ, ಓಲಾಡುತ್ತ, ಹಳ್ಳದ ದಂಡೆಯ ಗಟ್ಟಿಯಾದ ಗರಸು ನೆಲಕ್ಕೆ ಬಂದು ನಿಂತಿತು. ನಿಂತ ಕೂಡಲೇ ನಮ್ಮವರು ಎಂಜಿನು ಬಂದ್ ಮಾಡಿದರು. ನನಗೆ ದಿಗಿಲಾಯಿತು. ಆ ಗಾಡಿಯನ್ನು ಮತ್ತೆ ಶುರು ಮಾಡಲು ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಕೈ ಸೋಲುತ್ತಿತ್ತು. ಅಂಥ ಹೊತ್ತಿನಲ್ಲಿ ಅದನ್ನು ಯಾರೂ ಬಂದ್ ಮಾಡುವುದಿಲ್ಲ. ಸುತ್ತ ಒಮ್ಮೆಲೇ ಸದ್ದಿಲ್ಲದಂತಾಯಿತು. ಬಾವಿಯ ಕಡೆಯಿಂದಲೂ ಏನೂ ಇಲ್ಲ.

ಹಳ್ಳದ ಆ ದಂಡೆಗೆ ಅಜ್ಜ, ಕಾಕಾ ಮತ್ತು ಊರಿನ ಕೆಲವರು ಬಂದರು. ಅವರೇ ನೀರಿನಲ್ಲಿ ಇಳಿದು ಬಂದು ಅವ್ವನನ್ನು ಎತ್ತಿಕೊಂಡರು. ಗಾಡಿ ಹಳ್ಳ ದಾಟಬೇಕಾಗಲೇ ಇಲ್ಲ. ಬೆಳಕು ಪೂರ್ತಿ ಹೋಗುವುದರೊಳಗೆ ಅವ್ವನನ್ನು ಅಪ್ಪನ ಬಾಜೂಕ ಇಟ್ಟು ಎಲ್ಲರೂ ಹಿಡಿ ಮಣ್ಣು ಹಾಕಿದೆವು. ಬಾವಿ ಅಲ್ಲೇ ಇತ್ತು. ಕಂಬವಿಲ್ಲ, ಗಾಲಿಯಿಲ್ಲ, ಬಾಯಿಯ ಸುತ್ತ ಹುಲ್ಲು ಬೆಳೆದಿತ್ತು.

ಮರುದಿನ ಬೆಳಿಗ್ಗೆ ನಮ್ಮವರು ಹಳ್ಳದಲ್ಲಿ ಗಾಡಿ ತೊಳೆಯುತ್ತಿದ್ದಾಗ ನಾನು ಹತ್ತಿರ ಹೋಗಿ, ನಿನ್ನೆ ಯಾಕೆ ಎಂಜಿನು ಬಂದ್ ಮಾಡಿದಿರಿ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಹುಲ್ಲಿನ ಸಿಂಬಿ ಬಿಟ್ಟು ನನ್ನನ್ನು ನೋಡಿದರು.

“ನೀನಽ ಅಂದ್ಯಲ್ಲ, ಸಾಕ್ರೀ, ಬಿಚ್ರೀ ಅಂತ. ಹಿಂದಿನಿಂದ. ಬಿಚ್ಚೂದಂದ್ರ ಏನು ಬಿಚ್ಚಲಿ? ನಿಂದರಸಾಕ ಹೇಳಾಕತ್ತಾಳ ಅಂತ ಬಂದ್ ಮಾಡಿದೆ.”

ನಾನು ಹೇಳಲಿಲ್ಲ ಎಂದೆ. ನನಗೆ ಆ ಮಾತು ಕೇಳಿಸಿಯೂ ಇಲ್ಲ ಎಂದೆ. ಅವರು, ಹಾಗಾದರೆ ಬಾವಿಯ ಕಡೆ ಕೂಗುತ್ತಿದ್ದವನು ಯಾರು ಎಂದು ಕೇಳಿದರು. ಮುಂದೆ ಯಾವಾಗ ಹೋಗಬೇಕು, ಹಿಂದೆ ಯಾವಾಗ ಬರಬೇಕು ಎಂದು ಅವನು ಹೇಳಿಕೊಟ್ಟ ಹಾಗಿತ್ತು, ಅದಕ್ಕೇ ತಾನು ಅವಸರ ಬಿಟ್ಟು ಆ ಕೂಗಿನ ಪ್ರಕಾರ ಗೇರು ಬದಲಿಸಿದೆ ಎಂದರು. ಕೂಗಿನ ಮಾತುಗಳನ್ನೂ ಹೇಳಿ ತೋರಿಸಿದರು. ನೆರಳಿಗಿ ಬಾ ಎನ್ನುವಾಗ ದನಿ ತಗ್ಗಿಸಿದರು ಕೂಡ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು, ಅಪ್ಪನ ಕೂಗು, ಅವ್ವನ ಕೂಗು, ಎಲ್ಲವನ್ನೂ ಅವರಿಗೆ ಹೇಳಿದೆ.

ಅವರು ಕೇಳಿಸಿಕೊಂಡರು. ಮತ್ತೆ ಸಿಂಬಿ ತೆಗೆದುಕೊಂಡು ಗಾಲಿ ತಿಕ್ಕತೊಡಗಿದರು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದರು, “ಗಂಡಾ ಹೆಂಡತಿ ಮಾತಾಡ್ಯಾರ. ಮಗಳು ಅಳಿಯಾ ನಡುವ ಬಾಯಿ ಹಾಕಬಾರದು, ಬಿಡು.”

ಅಜ್ಜನನ್ನೂ ಕಾಕಾನನ್ನೂ ನಾನು ಕೇಳಿದೆ. ಅವರು ಆ ಹೊತ್ತಿನಲ್ಲಿ ಬಾವಿಯ ಹತ್ತಿರವೇ ನಿಂತಿದ್ದರು. ಗಾಡಿಯ ಗುರುಗುಟ್ಟುವ ಸದ್ದು ಬಿಟ್ಟು ಬೇರೇನೂ ಅವರಿಗೆ ಕೇಳಿಸಿರಲಿಲ್ಲ. ಅಷ್ಟು ಮಳೆಯಾದ ಮೇಲೆ ಸುತ್ತಲಿನ ಯಾವ ಹೊಲದಲ್ಲೂ ಕಪಿಲೆ ಹೊಡೆಯುವ ಪ್ರಶ್ನೆಯಿರಲಿಲ್ಲ. ಕುರಿ ಕಾಯುವವರ ಕೂಗು ಇರಬಹುದು ಎಂದು ಕಾಕಾ ಹೇಳಿದ. ಇರಬಹುದು. ಕಾಯಿಲೆಯ ದಿನಗಳಲ್ಲಿ ಅವ್ವ ಜ್ವರದಲ್ಲಿ ಆ ಮಾತು ಆಡಿ, ನಮ್ಮವರ ಕಿವಿಗೆ ಬಿದ್ದಿರಬಹುದು ಎಂದೂ ನಾನು ಯೋಚಿಸಿದೆ. ಅವರನ್ನು ಕೇಳಿದರೆ ಇಲ್ಲ ಎಂದರು. ಮದುವೆಯಾದ ಹೊಸದರಲ್ಲಿ ನಾನೇ ಅಪ್ಪನ ಕೂಗಿನ ವಿಷಯ ಹೇಳಿದ್ದೆನೋ ಏನೋ. ಹೇಳಿದ ನೆನಪಿಲ್ಲ. ಹೇಳಿದ್ದರೂ, ಇಬ್ಬರ ಕಿವಿಯಲ್ಲಿ ಒಂದೇ ಕ್ಷಣಕ್ಕೆ ಅದು ಯಾಕೆ ಹುಟ್ಟಬೇಕು? ನಾನು ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು, ಅವಳ ಮಾತು ನನಗೇ ಯಾಕೆ ಕೇಳಿಸಲಿಲ್ಲ?

ಅದಾದ ಕೆಲವು ದಿನಗಳಿಗೆ ಕಾಕಾ ಬಾವಿಯ ಬಾಯಿಗೆ ಮುಳ್ಳು ಹಾಕಿಸಿದ. ನಾವು ಕನ್ನಡದವರೆಲ್ಲ ಒಂದು ರಾಜ್ಯವಾದೆವು. ವ್ಯಾಪಾರಿ ಆ ಪಿಕಪ್ ಮಾರಿ ದೊಡ್ಡ ಲಾರಿ ತಂದರು. ನಮ್ಮವರು ಅದನ್ನು ಮುಂಡರಗಿ, ಲಕ್ಷ್ಮೇಶ್ವರ ಎಂದು ಬಹಳ ವರ್ಷ ನಡೆಸಿದರು. ಸಂಜೆ ತಿರುಗಿ ಬರುವಾಗ ಓಣಿಯ ಮೂಲೆಯಲ್ಲಿ ಹಾರ್ನ್ ಒತ್ತಿ, ಸ್ವಲ್ಪ ಬಿಟ್ಟು ಮತ್ತೊಮ್ಮೆ ಮೆತ್ತಗೆ ಒತ್ತುತ್ತಿದ್ದರು. ಅದು ಕೇಳಿದರೆ ನಾನು ರೊಟ್ಟಿಯ ಹಂಚನ್ನು ಒಲೆಯ ಮೇಲೆ ಇಡುತ್ತಿದ್ದೆ. ನಾನು ಎಂದೂ ಅವರ ಹೆಸರು ಹಿಡಿದು ಕರೆಯಲಿಲ್ಲ. ಅವರೂ ಬಾಗಿಲಲ್ಲಿ ನಿಂತು ಬಂದೆ ಎಂದು ಹೇಳಲಿಲ್ಲ. ಹಾರ್ನ್ ಮತ್ತು ಹಂಚು, ಇಷ್ಟರಲ್ಲೇ ನಮ್ಮದು ನಡೆಯಿತು. ಅವರು ಗಾಡಿ ಬಿಟ್ಟ ಮೇಲೆ ಆ ಹಾರ್ನೂ ನಿಂತಿತು. ಮನೆಯಲ್ಲೇ ಇದ್ದರಲ್ಲ, ಅದರ ನೆನಪು ನನಗೆ ಆಗಿರಲಿಲ್ಲ.

ಈಗ ಆಗುತ್ತದೆ. ಈ ಸಲದ ಹಸ್ತಾ ಮಳೆ ಹಿಡಿದ ಮೇಲೆ ಸಂಜೆ ಬಾಗಿಲು ತೆಗೆದೇ ಕೂಡುತ್ತೇನೆ. ಮೂಲೆಯಲ್ಲಿ ಎಷ್ಟೋ ಗಾಡಿಗಳು ಹಾರ್ನ್ ಹಾಕುತ್ತ ಹೋಗುತ್ತವೆ, ಯಾವುದೂ ಎರಡನೆಯ ಸಲ ಮೆತ್ತಗೆ ಒತ್ತುವುದಿಲ್ಲ. ಸತ್ತವರ ದನಿಯನ್ನು ನಾನು ನಂಬುತ್ತೇನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಈ ತೆಗೆದ ಬಾಗಿಲನ್ನು ತೋರಿಸುತ್ತೇನೆ. ಹಿಟ್ಟು ನಾದಿ ಇಟ್ಟಿರುತ್ತದೆ, ಒಲೆಯಲ್ಲಿ ಕೆಂಡ ಇರುತ್ತದೆ. ಹಂಚು ಮಾತ್ರ ಇನ್ನೂ ಗೋಡೆಗೆ ಒರಗಿಕೊಂಡಿದೆ. ಅದನ್ನು ತೆಗೆದುಕೊಳ್ಳಲು ಕೈ ಚಾಚಬೇಕಷ್ಟೇ, ನನ್ನ ಪಕ್ಕದಲ್ಲೇ ಇದೆ.